ಹದಿಹರೆಯದ ಸಿಟ್ಟಿಗೆ ಶರಬತ್ತು ಸಾಲದು

2025ರ ಫೆಬ್ರವರಿ ಕೊನೆಯ ವಾರ. ಕೇರಳದ ಕೋಝಿಕ್ಕೋಡ್ ಜಿಲ್ಲೆಯ ತಾಮರಶ್ಶೇರಿಯ ಒಂದು ಟ್ಯೂಷನ್ ಸೆಂಟರಿನವರು ಹತ್ತನೇ ತರಗತಿ ಮಕ್ಕಳಿಗೆ ಬೀಳ್ಕೊಡುಗೆ ಸಮಾರಂಭ ಇಟ್ಟುಕೊಂಡಿದ್ದರು. ಒಂದು ಶಾಲೆಯ ಮಕ್ಕಳು ಕುಣಿಯುತ್ತಿದ್ದಾಗ ಹಾಡು ಅರ್ಧಕ್ಕೆ ನಿಂತಿತು. ಇನ್ನೊಂದು ಶಾಲೆಯ ಮಕ್ಕಳು ಕೂಗಿ ಗೇಲಿ ಮಾಡಿದರು. ಮಾತಿಗೆ ಮಾತು ಬೆಳೆಯಿತು. ಜಗಳ ಅಲ್ಲಿಗೇ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅದು ಮಕ್ಕಳ ಮೊಬೈಲ್ ಗ್ರೂಪುಗಳಿಗೆ ಹೋಯಿತು, ಅಲ್ಲಿ ಸೇಡಿನ ಮಾತಾಯಿತು. ಕೆಲವೇ ದಿನಗಳಲ್ಲಿ ಎರಡು ಗುಂಪುಗಳು ಬೀದಿಯಲ್ಲಿ ಎದುರಾದವು. ತಲೆಗೆ ಪೆಟ್ಟು ಬಿದ್ದ ಒಬ್ಬ ಹುಡುಗ ಮಾರ್ಚ್ 1ರಂದು ತೀರಿಕೊಂಡ. ಹೊಡೆದ ಆರೋಪ ಹೊತ್ತವರೂ ಅದೇ ವಯಸ್ಸಿನ, ಅದೇ ತರಗತಿಯ ಮಕ್ಕಳು. ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಅವರು ಕಾವಲಿನಲ್ಲಿ ಕುಳಿತು ಬರೆಯಬೇಕಾಯಿತು.

ಆ ಸುದ್ದಿ ಇನ್ನೂ ಹಸಿಯಾಗಿದ್ದ ದಿನಗಳಲ್ಲಿ ಒಬ್ಬ ತಾಯಿ ತನ್ನ ಹದಿನೈದರ ಮಗನನ್ನು ನನ್ನ ಕ್ಲಿನಿಕ್‌ಗೆ ಕರೆತಂದರು. "ಡಾಕ್ಟ್ರೇ, ಇವನಿಗೆ ಪಿತ್ತ ತಲೆಗೇರಿದೆ. ತಂಗಿಯ ಮೇಲೆ ಕೈ ಮಾಡಿದ, ಬಾಗಿಲು ಒದ್ದು ಚಿಲಕ ಮುರಿದ. ಸಿಟ್ಟು ಇಳಿಯೋಕೆ ಏನಾದ್ರೂ ಶರಬತ್ತು ಕೊಡಿ" ಎಂದರು. ಹುಡುಗ ನೆಲ ನೋಡುತ್ತಾ ಕುಳಿತಿದ್ದ.

ಯುನಾನಿ ವೈದ್ಯನಾದ ನನಗೆ ಶರಬತ್ತು ಬರೆದುಕೊಡುವುದು ಸುಲಭ. ಪಿತ್ತ ಶಮನಕ್ಕೆ ನಮ್ಮಲ್ಲಿ ಔಷಧಿಗಳು ಇವೆ. ಆದರೆ ಆ ಹುಡುಗನ ಸಿಟ್ಟಿಗೆ ಶರಬತ್ತು ಕೊಟ್ಟು ಕಳಿಸಿದ್ದರೆ ತಾಯಿಗೆ ಸಮಾಧಾನವಾಗುತ್ತಿತ್ತೇ ಹೊರತು ಹುಡುಗನಿಗೆ ಏನೂ ಪ್ರಯೋಜನವಾಗುತ್ತಿರಲಿಲ್ಲ. ಯಾಕೆ ಎನ್ನುವುದನ್ನು ಈ ಲೇಖನದಲ್ಲಿ ವಿವರಿಸುತ್ತೇನೆ.

ಪಿತ್ತವೊಂದೇ ಕಾರಣವೇ?

ದಮ್, ಬಲ್ಗಮ್, ಸಫ್ರಾ, ಸೌದಾ ಎಂಬ ನಾಲ್ಕು ಧಾತುಗಳ ಸಮತೋಲನವೇ ಆರೋಗ್ಯ ಎನ್ನುತ್ತದೆ ಯುನಾನಿ ವೈದ್ಯಶಾಸ್ತ್ರ. ಪ್ರತಿಯೊಬ್ಬರಿಗೂ ಒಂದು ಮಿಝಾಜ್ ಇರುತ್ತದೆ. ಸಫ್ರಾ, ಅಂದರೆ ಪಿತ್ತ, ಹೆಚ್ಚಿರುವವರಿಗೆ ಬೇಗ ಸಿಟ್ಟು ಬರುತ್ತದೆ ಎಂದು ಹಿಂದಿನ ಹಕೀಮರು ಗುರುತಿಸಿದ್ದರು. ಬೆಳೆಯುವ ವಯಸ್ಸಿನಲ್ಲಿ ಸಹಜವಾಗಿಯೇ ದೇಹದ ಉಷ್ಣ ಹೆಚ್ಚು ಎಂದೂ ಹೇಳಿದ್ದರು. ಇಷ್ಟನ್ನು ಕೇಳಿದವರು "ಅವನ ಮಿಝಾಜೇ ಹಾಗೆ" ಎಂದು ಕೈ ತೊಳೆದುಕೊಳ್ಳುವುದುಂಟು. ಆದರೆ ಆ ಹಕೀಮರು ಅಲ್ಲಿಗೆ ನಿಲ್ಲಿಸಿರಲಿಲ್ಲ.

ಇಬ್ನ್ ಸೀನಾ (980–1037) ತಮ್ಮ 'ಅಲ್ ಕಾನೂನ್ ಫಿತ್ತಿಬ್ಬ್' ಗ್ರಂಥದಲ್ಲಿ ಮಕ್ಕಳ ಪಾಲನೆಯ ಬಗ್ಗೆ ಬರೆಯುವಾಗ, ಮಗುವಿನ ಸ್ವಭಾವವನ್ನು ಹದವಾಗಿಡುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕೆನ್ನುತ್ತಾರೆ. ಅತಿಯಾದ ಸಿಟ್ಟು, ಭಯ, ದುಃಖ ಮತ್ತು ನಿದ್ರಾಹೀನತೆಯಿಂದ ಮಗುವನ್ನು ಕಾಪಾಡಬೇಕು ಎನ್ನುವುದು ಅವರ ಸಲಹೆ. ಅವರಿಗೂ ಮೊದಲು ಅಬೂ ಝೈದ್ ಅಲ್ ಬಲ್ಖೀ (850–934) ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎರಡಕ್ಕೂ ಸೇರಿ ಒಂದು ಗ್ರಂಥ ಬರೆದು, ಸಿಟ್ಟನ್ನು ಮನಸ್ಸಿನ ಪ್ರಮುಖ ಬಾಧೆಗಳಲ್ಲೊಂದಾಗಿ ಎಣಿಸಿದರು. ಸಿಟ್ಟು ಮಿಝಾಜಿನಿಂದ ಹುಟ್ಟಬಹುದು. ಆದರೆ ಅದು ಹಿಂಸೆಯಾಗಿ ಬೆಳೆಯುವುದೋ ಇಲ್ಲವೋ ಎಂಬುದನ್ನು ಸುತ್ತಲಿನ ಬದುಕು ನಿರ್ಧರಿಸುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಮೆದುಳು ಇನ್ನೂ ಮಾಗಿಲ್ಲ

ಆಧುನಿಕ ವಿಜ್ಞಾನ ಇದಕ್ಕೆ ಇನ್ನೊಂದು ಮುಖ್ಯ ಮಾತು ಸೇರಿಸಿದೆ. ಭಯ, ಸಿಟ್ಟು, ಉತ್ಸಾಹಗಳನ್ನು ಎಬ್ಬಿಸುವ ಮೆದುಳಿನ ಒಳಭಾಗ ಹದಿಹರೆಯದ ಆರಂಭದಲ್ಲೇ ಚುರುಕಾಗುತ್ತದೆ. "ತಡಿ, ಇದರ ಪರಿಣಾಮ ಏನು?" ಎಂದು ಕೇಳುವ ಹಣೆಯ ಹಿಂಭಾಗದ ಮೆದುಳು ಪೂರ್ತಿ ಮಾಗಲು ಇಪ್ಪತ್ತೈದರ ಆಸುಪಾಸಿನವರೆಗೂ ಸಮಯ ಬೇಕು. ಎಂಜಿನ್ ಜೋರಾಗಿದೆ, ಬ್ರೇಕು ಇನ್ನೂ ಜೋಡಣೆಯಾಗುತ್ತಿದೆ. ಜೊತೆಗೆ ಪ್ರಾಯದ ಹಾರ್ಮೋನುಗಳ ಏರಿಳಿತ.

ಇದರರ್ಥ ಹದಿಹರೆಯದವರೆಲ್ಲ ಹಿಂಸಾತ್ಮಕರು ಎಂದಲ್ಲ. ಬಹುಪಾಲು ಮಕ್ಕಳು ಬಾಗಿಲು ಬಡಿಯುತ್ತಾರೆ, ಮುಖ ಊದಿಸಿಕೊಳ್ಳುತ್ತಾರೆ, ನಾಳೆ ಸರಿಯಾಗುತ್ತಾರೆ. ನ್ಯೂಝಿಲೆಂಡಿನ ಡುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನದ ಆಧಾರದಲ್ಲಿ ಮನೋವಿಜ್ಞಾನಿ ಟೆರಿ ಮೊಫಿಟ್ 1993ರಲ್ಲಿ ಒಂದು ವ್ಯತ್ಯಾಸ ತೋರಿಸಿದರು: ಹೆಚ್ಚಿನ ಹುಡುಗರ ಪುಂಡಾಟ ಹದಿಹರೆಯದಲ್ಲಿ ಶುರುವಾಗಿ ಪ್ರಾಯಕ್ಕೆ ಬಂದಂತೆ ಇಳಿಯುತ್ತದೆ, ತೀರಾ ಎಳವೆಯಲ್ಲೇ ಶುರುವಾಗಿ ಜೀವನವಿಡೀ ಮುಂದುವರಿಯುವುದು ಸಣ್ಣ ಗುಂಪಿನಲ್ಲಿ ಮಾತ್ರ. ಹೆತ್ತವರಿಗೆ ಇದು ಭರವಸೆಯ ಮಾತು. ಆದರೆ ಒಂದು ಎಚ್ಚರವೂ ಇದೆ. ತಾನಾಗಿಯೇ ಇಳಿಯಬಹುದಾದ ಆ ಸಿಟ್ಟು, ಇಳಿಯುವ ಮೊದಲೇ ಒಂದು ಜೀವ ತೆಗೆಯಬಹುದು. ತಾಮರಶ್ಶೇರಿಯಲ್ಲಿ ಆದದ್ದು ಅದೇ.

ಆರು ಅನಿವಾರ್ಯಗಳು

ಯುನಾನಿಯಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂಬ ತತ್ವವಿದೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹ ಹೊರಹಾಕಬೇಕಾದ್ದು ಮತ್ತು ಉಳಿಸಿಕೊಳ್ಳಬೇಕಾದ್ದು ಎಂಬ ಆರು ಕಾರಣಗಳಿಂದ ಯಾರೂ ತಪ್ಪಿಸಿಕೊಳ್ಳಲಾಗದು. ನಾನು ಸಿಟ್ಟಿನ ಹುಡುಗನನ್ನು ಪರೀಕ್ಷಿಸುವಾಗ ಈ ಆರನ್ನೇ ಒಂದೊಂದಾಗಿ ಕೇಳುತ್ತೇನೆ.

ಮೊದಲು ನಿದ್ದೆ. ಹದಿಮೂರರಿಂದ ಹದಿನೆಂಟರವರೆಗಿನ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಪ್ರಾಯಕ್ಕೆ ಬರುವಾಗ ನಿದ್ದೆ ತರುವ ಮೆಲಟೋನಿನ್ ಹಾರ್ಮೋನ್ ರಾತ್ರಿ ತಡವಾಗಿ ಸುರಿಯುವುದರಿಂದ ಅವರಿಗೆ ಬೇಗ ನಿದ್ದೆ ಬರುವುದೂ ಕಷ್ಟ. ಅದರ ಮೇಲೆ ಹಾಸಿಗೆಯಲ್ಲಿ ಮೊಬೈಲ್. ನಮ್ಮ ಮಕ್ಕಳ ದಿನಚರಿ ನೋಡಿ: ಬೆಳಿಗ್ಗೆ ಮದ್ರಸಾ, ನಂತರ ಶಾಲೆ, ಸಂಜೆ ಟ್ಯೂಷನ್, ರಾತ್ರಿ ಒಂದರವರೆಗೆ ರೀಲ್ಸ್ ಇಲ್ಲವೇ ಗೇಮ್. ಐದು ಗಂಟೆ ನಿದ್ದೆಯ ಹುಡುಗ ಸಣ್ಣ ಮಾತಿಗೂ ಕೆರಳುತ್ತಾನೆ, ಏಕೆಂದರೆ ನಿದ್ದೆಗೆಟ್ಟಾಗ ಮೊದಲು ಸಡಿಲವಾಗುವುದೇ ಆ ಬ್ರೇಕು. ರಮಝಾನಿನಲ್ಲಿ ತರಾವೀಹ್ ಮುಗಿಸಿ ಸಹ್ರಿವರೆಗೆ ಬೈಕಿನಲ್ಲಿ ಸುತ್ತುವ ಗುಂಪುಗಳನ್ನು ನಾವೆಲ್ಲ ನೋಡಿದ್ದೇವೆ. ಇಬಾದತ್ತಿನ ತಿಂಗಳಲ್ಲಿ ಬೀದಿ ಜಗಳಗಳು ಆಗುವುದು ಎಂಥ ವಿಪರ್ಯಾಸ!

ಎರಡನೆಯದು ಆಹಾರ. ಮಾಂಸ ತಿನ್ನುವುದರಿಂದ ಹುಡುಗರು ಹಿಂಸಾತ್ಮಕರಾಗುತ್ತಾರೆ ಎಂಬ ಮಾತನ್ನು ಅಲ್ಲಲ್ಲಿ ಕೇಳುತ್ತೇವೆ. ಇದಕ್ಕೆ ವೈದ್ಯಕೀಯ ಆಧಾರವಿಲ್ಲ. ಮಾಂಸ ತಿನ್ನುವ ಜನಾಂಗಗಳಲ್ಲಿ ಶಾಂತರೂ ಇದ್ದಾರೆ, ಸೊಪ್ಪು ತಿನ್ನುವವರಲ್ಲಿ ಕೋಪಿಷ್ಠರೂ ಇದ್ದಾರೆ. ಉಷ್ಣ ಮಿಝಾಜಿನವರು ಮಾಂಸದ ಜೊತೆ ಸೌತೆ, ಸೋರೆಕಾಯಿ, ಮಜ್ಜಿಗೆ, ಹಣ್ಣು ಸೇರಿಸಿಕೊಂಡು ಹದ ಕಾಯ್ದುಕೊಳ್ಳಲಿ ಎಂಬುದು ಯುನಾನಿಯ ಸಲಹೆ, ಅಷ್ಟೆ. ನಿಜವಾಗಿ ಚಿಂತೆ ಮಾಡಬೇಕಾದದ್ದು ಬೇರೆ. ಬೆಳಿಗ್ಗೆ ತಿಂಡಿ ಬಿಟ್ಟು ಮಧ್ಯಾಹ್ನದವರೆಗೆ ಹಸಿದಿರುವ ಹುಡುಗನಿಗೆ ಸಹನೆ ಇರುವುದಿಲ್ಲ. ಗೂಡಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವ ಎನರ್ಜಿ ಡ್ರಿಂಕುಗಳಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಲು ನಮ್ಮ ಆಹಾರ ಸುರಕ್ಷತಾ ನಿಯಮ ಬಿಡುತ್ತದೆ. ಅದೇ ನಿಯಮ, ಇದು ಮಕ್ಕಳಿಗೆ ತಕ್ಕುದಲ್ಲ ಎಂದು ಡಬ್ಬಿಯ ಮೇಲೆ ಬರೆಯಬೇಕೆಂದೂ ಹೇಳುತ್ತದೆ. ಆ ಸಣ್ಣ ಅಕ್ಷರವನ್ನು ನಮ್ಮ ಮಕ್ಕಳು ಓದುವುದಿಲ್ಲ, ನಾವೂ ಓದುವುದಿಲ್ಲ. ಸಂಜೆ ಅದನ್ನು ಕುಡಿದವನ ಎದೆ ಬಡಿತ ಏರುತ್ತದೆ, ರಾತ್ರಿ ನಿದ್ದೆ ಹಾರಿಹೋಗುತ್ತದೆ, ಮರುದಿನ ಸಿಡುಕು.

ಮೂರನೆಯದು ಗಾಳಿ, ಅದರೊಂದಿಗೆ ದೇಹದೊಳಗೆ ಸೇರುವ ವಿಷ. ಇಲ್ಲಿ ಸೀಸದ ಬಗ್ಗೆ ಹೇಳಲೇಬೇಕು. ಎಳೆಯ ಮಕ್ಕಳ ದೇಹಕ್ಕೆ ಸೀಸ ಸೇರಿದರೆ ಬುದ್ಧಿ ಕುಂದುತ್ತದೆ, ಏಕಾಗ್ರತೆ ಹೋಗುತ್ತದೆ, ಮುಂದೆ ದುಡುಕು ಮತ್ತು ಆಕ್ರಮಣಕಾರಿ ವರ್ತನೆ ಹೆಚ್ಚುತ್ತದೆ ಎಂಬುದನ್ನು ಅಮೆರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್ 1979ರಿಂದ ಮಾಡಿದ ಸಂಶೋಧನೆಗಳು ತೋರಿಸಿದವು. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನ ಮೂರರಲ್ಲಿ ಒಂದು ಮಗುವಿನ ರಕ್ತದಲ್ಲಿ ಚಿಂತಿಸಬೇಕಾದಷ್ಟು ಸೀಸವಿದೆ ಎಂದು 2020ರ ಯುನಿಸೆಫ್ ವರದಿ ಹೇಳಿತು. ಹಳೆಯ ಬ್ಯಾಟರಿ ಒಡೆಯುವ ಜಾಗ, ಹಳೆಯ ಪೈಂಟಿನ ಧೂಳು, ಬಣ್ಣ ಬೆರೆಸಿದ ಅರಿಶಿನ ಇದರ ಮೂಲಗಳು.

ನಮ್ಮ ಮನೆಗಳಲ್ಲಿ ಇನ್ನೊಂದು ಮೂಲವಿದೆ, ಸುರ್ಮಾ. ಯುನಾನಿ ವೈದ್ಯನಾಗಿ ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಮಾರುಕಟ್ಟೆಯ ಎಷ್ಟೋ ಸುರ್ಮಾಗಳು ಸೀಸದ ಅದಿರಾದ ಗೆಲೀನಾದ ಪುಡಿ. ಅಮೆರಿಕದ ಎಫ್‌ಡಿಎ ಅದರ ಮಾರಾಟಕ್ಕೆ ಅನುಮತಿಯನ್ನೇ ಕೊಟ್ಟಿಲ್ಲ. ಹದೀಸಿನಲ್ಲಿ ಬರುವ ಇಸ್ಮಿದ್ ಅನ್ನು ಅನೇಕರು ಆಂಟಿಮೊನಿ ಎಂದು ಗುರುತಿಸುತ್ತಾರೆ. ಹೆಸರು ಒಂದೇ ಎಂದ ಮಾತ್ರಕ್ಕೆ ಅಂಗಡಿಯ ಪುಡಿ ಅದೇ ಆಗುವುದಿಲ್ಲ. ಕೂಸಿನ ಕಣ್ಣಿಗೆ ಹಚ್ಚಿದ ಸುರ್ಮಾವನ್ನು ಅದು ಉಜ್ಜಿ, ಆ ಕೈಯನ್ನೇ ಬಾಯಿಗಿಡುತ್ತದೆ. ಸೀಸವಿಲ್ಲ ಎಂದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಖಾತ್ರಿಯಾಗದ ಸುರ್ಮಾವನ್ನು ಮಕ್ಕಳಿಗೆ ಹಚ್ಚಬೇಡಿ.

ನಾಲ್ಕನೆಯದು ದೇಹದ ಚಲನೆ. ಬೆಳೆಯುವ ಹುಡುಗನ ಮೈಯಲ್ಲಿ ಶಕ್ತಿ ತುಂಬಿ ತುಳುಕುತ್ತಿರುತ್ತದೆ. ಹಿಂದೆ ಅದು ಗದ್ದೆಯಲ್ಲೋ, ಹೊಳೆಯಲ್ಲೋ, ಆಟದ ಬಯಲಲ್ಲೋ ಖರ್ಚಾಗುತ್ತಿತ್ತು. ಈಗ ಬೆಂಚಿನಿಂದ ಬೆಂಚಿಗೆ, ಅಲ್ಲಿಂದ ಸೋಫಾಕ್ಕೆ. ದಿನಕ್ಕೆ ಒಂದು ಗಂಟೆ ಬೆವರು ಬರುವಂಥ ಆಟ ಈ ವಯಸ್ಸಿಗೆ ಔಷಧಿಗಿಂತ ಮೇಲು. ಹತ್ತನೇ ತರಗತಿ ಎಂದ ಕೂಡಲೇ ಮೊದಲು ಆಟ ನಿಲ್ಲಿಸುವ ಹೆತ್ತವರು ಇದನ್ನು ನೆನಪಿಡಬೇಕು.

ಐದನೆಯದು ಹೊರಹಾಕುವುದು ಮತ್ತು ಉಳಿಸಿಕೊಳ್ಳುವುದು. ಮಲಬದ್ಧತೆ ಮುಂತಾದವನ್ನು ಬಿಟ್ಟು ಒಂದೇ ವಿಷಯ ಹೇಳುತ್ತೇನೆ. ಗಂಡು ಮಕ್ಕಳಿಗೆ ಈ ವಯಸ್ಸಿನಲ್ಲಿ ನಿದ್ದೆಯಲ್ಲಿ ಸ್ಖಲನವಾಗುವುದು, ಅಂದರೆ ಇಹ್ತಿಲಾಮ್, ತೀರಾ ಸಹಜ. ಅದಕ್ಕೆ ಬೇಕಾದದ್ದು ಗುಸ್ಲ್, ಚಿಕಿತ್ಸೆ ಅಲ್ಲ. ಮನೆಯಲ್ಲಿ ಯಾರೂ ಇದನ್ನು ಹೇಳದ ಕಾರಣ ಹುಡುಗರು ಗೋಡೆ ಬರಹದ "ಯೌವನದ ತಪ್ಪು" ಜಾಹೀರಾತುಗಳನ್ನು ನಂಬುತ್ತಾರೆ. ಯುನಾನಿ ಹೆಸರು ಹಾಕಿಕೊಂಡ ನಕಲಿ ಹಕೀಮರು ಅವರನ್ನು ಹೆದರಿಸಿ ಹಣ ಕೀಳುತ್ತಾರೆ. ತಾನು ಕೆಟ್ಟುಹೋದೆ, ಗಂಡಸೇ ಅಲ್ಲ ಎಂಬ ಗುಟ್ಟಿನ ಭಯ ಹೊತ್ತ ಹುಡುಗ, ಗಂಡಸುತನವನ್ನು ಬೀದಿಯಲ್ಲಿ ಮುಷ್ಟಿಯಿಂದ ತೋರಿಸಲು ಹೋಗುವುದನ್ನು ನಾನು ಕಂಡಿದ್ದೇನೆ. ತಂದೆಯಾದವರು, ಇಲ್ಲದಿದ್ದರೆ ಮಾಮನೋ ಚಾಚನೋ, ಇದನ್ನು ಒಮ್ಮೆ ನೇರವಾಗಿ ಹೇಳಿಬಿಟ್ಟರೆ ಸಾಕು.

ಆರನೆಯದು ಮನಸ್ಸಿನ ಚಲನೆ. ಇದನ್ನು ಕೊನೆಗಿಟ್ಟದ್ದು ಇದೇ ಎಲ್ಲಕ್ಕಿಂತ ದೊಡ್ಡದೆಂಬ ಕಾರಣಕ್ಕೆ.

ಮನೆಯೇ ಮೊದಲ ಪಾಠಶಾಲೆ

1961ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರಾ ಒಂದು ಪ್ರಯೋಗ ಮಾಡಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಹೊಡೆದು ಒದೆಯುವುದನ್ನು ಮಕ್ಕಳಿಗೆ ತೋರಿಸಲಾಯಿತು. ನಂತರ ಅದೇ ಗೊಂಬೆಯ ಬಳಿ ಬಿಟ್ಟಾಗ ಆ ಮಕ್ಕಳು, ಹಾಗೆ ನೋಡದ ಮಕ್ಕಳಿಗಿಂತ ಹೆಚ್ಚಾಗಿ ಅದನ್ನು ಹೊಡೆದರು, ತಾವು ಕೇಳಿದ ಮಾತುಗಳನ್ನೇ ಹೇಳುತ್ತಾ ಹೊಡೆದರು. ಯಾರೂ ಅವರಿಗೆ ಹೊಡೆಯಲು ಕಲಿಸಿರಲಿಲ್ಲ. ನೋಡಿದ್ದರು, ಅಷ್ಟೆ.

ನಮ್ಮ ಮಕ್ಕಳು ಮನೆಯಲ್ಲಿ ಏನು ನೋಡುತ್ತಿದ್ದಾರೆ? ಊಟಕ್ಕೆ ಉಪ್ಪು ಕಡಿಮೆಯಾದರೆ ತಟ್ಟೆ ಎಸೆಯುವ ತಂದೆಯನ್ನೇ? ತಾಯಿಯ ಮೇಲೆ ಏಳುವ ಕೈಯನ್ನೇ? ಅಂಥ ಮನೆಯ ಹುಡುಗ ಎರಡು ಪಾಠ ಕಲಿಯುತ್ತಾನೆ: ಸಿಟ್ಟು ಬಂದರೆ ಹೊಡೆಯಬಹುದು, ಬಲ ಇದ್ದವನು ಹೊಡೆಯಬಹುದು. ಚಿಕ್ಕವನಿದ್ದಾಗ ಪೆಟ್ಟು ತಿನ್ನುತ್ತಾನೆ, ಮೀಸೆ ಚಿಗುರಿದಾಗ ತಿರುಗಿಸಿ ಕೊಡುತ್ತಾನೆ, ಮೊದಲು ತಂಗಿಗೆ, ಆಮೇಲೆ ಬೀದಿಯಲ್ಲಿ ಸಿಕ್ಕವರಿಗೆ.

"ಪೆಟ್ಟು ಕೊಡದೆ ಮಕ್ಕಳು ದಾರಿಗೆ ಬರುತ್ತಾರಾ ಡಾಕ್ಟ್ರೇ?" ಎಂದು ತಂದೆಯರು ಕೇಳುತ್ತಾರೆ. ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹೆಚ್ಚು ಪೆಟ್ಟು ತಿನ್ನುವ ಮಕ್ಕಳಲ್ಲಿ ವಿಧೇಯತೆ ಹೆಚ್ಚಿದ್ದು ಕಾಣಲಿಲ್ಲ, ಆಕ್ರಮಣಶೀಲತೆ ಹೆಚ್ಚಿದ್ದು ಕಂಡಿತು. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ನಾವಂತೂ ಕಾಯ್ದೆಯವರೆಗೆ ಹೋಗಬೇಕಿಲ್ಲ. ಪ್ರವಾದಿ(ಸ)ರು ತಮ್ಮ ಕೈಯಿಂದ ಯಾವ ಸ್ತ್ರೀಗೂ, ಯಾವ ಸೇವಕನಿಗೂ ಹೊಡೆದವರಲ್ಲ ಎಂದು ಹಝ್ರತ್ ಆಇಶಾ(ರ) ತಿಳಿಸಿದ್ದಾರೆ. ಹುಡುಗನಾಗಿದ್ದಾಗಲೇ ಸೇವೆಗೆ ಸೇರಿದ ಹಝ್ರತ್ ಅನಸ್(ರ) ಹತ್ತು ವರ್ಷಗಳಲ್ಲಿ ಒಮ್ಮೆಯೂ ಅವರಿಂದ ಒಂದು ಬೇಸರದ ಉದ್ಗಾರ ಕೂಡ ಕೇಳಲಿಲ್ಲ. ಮೊಮ್ಮಗನಿಗೆ ಮುತ್ತು ಕೊಟ್ಟದ್ದನ್ನು ಕಂಡ ಒಬ್ಬ ಗೋತ್ರ ನಾಯಕ, ತನಗೆ ಹತ್ತು ಮಕ್ಕಳಿದ್ದರೂ ಒಬ್ಬರಿಗೂ ಮುತ್ತಿಟ್ಟಿಲ್ಲ ಎಂದಾಗ, ಕರುಣೆ ತೋರದವನಿಗೆ ಕರುಣೆ ಸಿಗದು ಎಂಬ ಅರ್ಥದ ಎಚ್ಚರಿಕೆ ಅವರಿಂದ ಬಂತು. ಹತ್ತನೇ ವಯಸ್ಸಿನ ನಂತರ ನಮ್ಮಲ್ಲಿ ಎಷ್ಟು ತಂದೆಯರು ಗಂಡು ಮಕ್ಕಳ ತಲೆ ಸವರುತ್ತಾರೆ?

ಕರಾವಳಿಯ ಅನೇಕ ಮನೆಗಳಲ್ಲಿ ತಂದೆ ಗಲ್ಫ್‌ನಲ್ಲಿದ್ದಾರೆ. ಮನೆಗಾಗಿಯೇ ಅವರು ದೂರ ಇರುವುದು, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ವಾರದ ವೀಡಿಯೋ ಕಾಲ್ ಬರೀ ವಿಚಾರಣೆಯಾದರೆ ಮಗ ಫೋನ್ ಬಂದಾಗ ಮನೆಯಿಂದ ಹೊರಗೆ ಹೋಗಲು ಕಲಿಯುತ್ತಾನೆ. ಮಾರ್ಕು ಕೇಳುವ ಮೊದಲು ಇವತ್ತು ಮ್ಯಾಚಿನಲ್ಲಿ ಎಷ್ಟು ರನ್ ಹೊಡೆದೆ ಎಂದು ಕೇಳಿ.

ಗೆಳೆಯರು ಮತ್ತು ಮೊಬೈಲ್

ಒಬ್ಬನೇ ಇದ್ದಾಗ ಮಾಡದ ಕೆಲಸವನ್ನು ಹುಡುಗ ಗುಂಪಿನಲ್ಲಿ ಮಾಡುತ್ತಾನೆ. 2005ರಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವನ್ನು ಬೇರೆ ಬೇರೆ ವಯಸ್ಸಿನವರಿಗೆ ಕೊಟ್ಟು ನೋಡಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕಿದರು. ಪ್ರಾಯದವರಲ್ಲಿ ಆ ವ್ಯತ್ಯಾಸ ಇರಲಿಲ್ಲ. ಈಗ ಗೆಳೆಯರು ಪಕ್ಕದಲ್ಲಿ ಇರಬೇಕಾಗಿಯೂ ಇಲ್ಲ. ರಾತ್ರಿ ಹನ್ನೆರಡಕ್ಕೂ ಗ್ರೂಪಿನಲ್ಲಿ ಐವತ್ತು ಜನ ಎಚ್ಚರವಿರುತ್ತಾರೆ. ಹಿಂದೆ ಶಾಲೆಯ ಜಗಳ ಮನೆಗೆ ಬರುವಷ್ಟರಲ್ಲಿ ಅರ್ಧ ತಣ್ಣಗಾಗುತ್ತಿತ್ತು. ಈಗ ಅದು ಜೇಬಿನಲ್ಲೇ ಮನೆಗೆ ಬರುತ್ತದೆ. ಹಿಂದೆ ಸರಿದವನು ಹೇಡಿ ಎನಿಸಿಕೊಳ್ಳುತ್ತಾನೆ.

ವೀಡಿಯೋ ಗೇಮ್ ಬಗ್ಗೆ ಹೆತ್ತವರು ತುಂಬಾ ಕೇಳುತ್ತಾರೆ. ಇಲ್ಲಿ ಸತ್ಯವನ್ನು ಹಿಗ್ಗಿಸದೆ ಹೇಳಬೇಕು. ಹಿಂಸೆಯ ಗೇಮುಗಳಿಗೂ ಸಿಡುಕು, ಕೂಗಾಟ, ತಳ್ಳಾಟದಂಥ ವರ್ತನೆಗಳಿಗೂ ಸಂಬಂಧವಿದೆ. ಆದರೆ ಅವುಗಳಿಂದಲೇ ಕೊಲೆಯಂಥ ಅಪರಾಧ ನಡೆಯುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂಬುದು ಅಮೆರಿಕದ ಮನೋವಿಜ್ಞಾನ ಸಂಘದ ನಿಲುವು. ಆದ್ದರಿಂದ ಎಲ್ಲ ತಪ್ಪನ್ನೂ ಮೊಬೈಲಿನ ಮೇಲೆ ಹೊರಿಸಿ ನಾವು ಹಗುರಾಗುವಂತಿಲ್ಲ. ಹೊಡೆದಾಟವನ್ನು ಚಿತ್ರೀಕರಿಸಿ ಹಂಚಿಕೊಳ್ಳುವ ಚಾಳಿ ನನ್ನ ಅನುಭವದಲ್ಲಿ ಗೇಮಿಗಿಂತ ಕೆಟ್ಟದ್ದು. ಅಲ್ಲಿ ಹೊಡೆದವನಿಗೆ ಲೈಕು, ಪೆಟ್ಟು ತಿಂದವನಿಗೆ ನಗು ಸಿಗುತ್ತದೆ.

ಅಮಲು

ಬೀಡಿ, ಗುಟ್ಕಾ, ಗಾಂಜಾ, ಮಾತ್ರೆ, ವೈಟ್ನರ್ ಮತ್ತು ಪಂಕ್ಚರ್ ಸೊಲ್ಯೂಷನ್ ಮೂಸುವುದು ಇವೆಲ್ಲ ಶಾಲೆಯ ಬಾಗಿಲಿಗೇ ಬಂದಿವೆ. ಇ-ಸಿಗರೇಟನ್ನು 2019ರಲ್ಲೇ ದೇಶದಲ್ಲಿ ನಿಷೇಧಿಸಲಾಗಿದ್ದರೂ ಕದ್ದು ಸಿಗುತ್ತದೆ. ಅಮಲಿನಲ್ಲಿ ಬ್ರೇಕು ಪೂರ್ತಿ ಕೈಕೊಡುತ್ತದೆ. ಅಮಲು ಸಿಗದ ದಿನ ಚಡಪಡಿಕೆ ಮತ್ತು ಸಿಟ್ಟು ಇನ್ನೂ ಹೆಚ್ಚು. ಕಣ್ಣು ಕೆಂಪಾಗುವುದು, ಬಟ್ಟೆಯಲ್ಲಿ ವಿಚಿತ್ರ ವಾಸನೆ, ಮನೆಯಲ್ಲಿ ಸಣ್ಣ ಮೊತ್ತ ಕಾಣೆಯಾಗುವುದು, ಹಳೆಯ ಗೆಳೆಯರು ಏಕಾಏಕಿ ದೂರವಾಗುವುದು ಕಂಡರೆ ಅಸಡ್ಡೆ ಬೇಡ. "ನಮ್ಮ ಹುಡುಗ ಐದು ಹೊತ್ತು ನಮಾಝ್ ಮಾಡ್ತಾನೆ, ಅಂಥದ್ದಿಲ್ಲ" ಎನ್ನುವ ಭರವಸೆಯಲ್ಲಿ ತಡಮಾಡಿದ ಹೆತ್ತವರನ್ನು ನೋಡಿ ನೋವಾಗಿದೆ. ಮಕ್ಕಳಿಗೆ ಅಮಲು ಪದಾರ್ಥ ಕೊಡುವವರಿಗೆ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷಗಳವರೆಗೆ ಕಠಿಣ ಶಿಕ್ಷೆಯಿದೆ. ಅಂಗಡಿಯವನು ನಮ್ಮವನೇ ಆದರೂ ಜಮಾಅತ್ ಮೌನವಾಗಿರಬಾರದು.

ಗೈರತ್ ಎಂಬ ಹೆಸರಿನಲ್ಲಿ

ಒಂದು ಕಹಿ ಮಾತು. ಶಾಲೆಯಲ್ಲಿ, ಜಾಲತಾಣದಲ್ಲಿ ತನ್ನ ಹೆಸರಿಗೆ, ತಾಯಿ ಮತ್ತು ಅಕ್ಕತಂಗಿಯರ ಉಡುಪಿಗೆ ಅವಮಾನ ಎದುರಿಸುವ ಹುಡುಗನ ಎದೆಯಲ್ಲಿ ಬೆಂಕಿ ಇರುತ್ತದೆ. ಆ ನೋವು ಸುಳ್ಳಲ್ಲ, ಅದನ್ನು ಮನೆಯಲ್ಲಿ ಕೇಳಿಸಿಕೊಳ್ಳಬೇಕು. ಆದರೆ ಅದೇ ನೋವನ್ನು ಗೈರತ್ ಎಂದು ಹೊಗಳಿ, ಹುಡುಗರ ಕೈಗೆ ಕೋಲು ಕೊಡುವವರೂ ಇದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಮಾತಾಡುತ್ತಿದ್ದ ಹುಡುಗ-ಹುಡುಗಿಯನ್ನು ಅಡ್ಡಗಟ್ಟಿ ಹೊಡೆದು ವೀಡಿಯೋ ಮಾಡುವುದನ್ನು ಎಲ್ಲ ಸಮುದಾಯಗಳ ಹುಡುಗರೂ ಮಾಡುತ್ತಿದ್ದಾರೆ, ನಮ್ಮವರೂ ಸೇರಿ. ನಮ್ಮವರು ಮಾಡಿದಾಗ ನಾವು "ಪಾಪ, ಸಿಟ್ಟಿನಲ್ಲಿ ಮಾಡಿದ" ಎನ್ನುತ್ತೇವೆ. ಸೋದರನು ಅಕ್ರಮಿಯಾಗಿದ್ದರೂ ಅವನಿಗೆ ಸಹಾಯ ಮಾಡಬೇಕೆಂದು ಪ್ರವಾದಿ(ಸ)ರು ಹೇಳಿದಾಗ ಸಹಾಬಿಗಳಿಗೆ ಅಚ್ಚರಿಯಾಗಿತ್ತು. ಅವನ ಕೈ ಹಿಡಿದು ಅಕ್ರಮದಿಂದ ತಡೆಯುವುದೇ ಆ ಸಹಾಯ ಎಂದು ಅವರು ವಿವರಿಸಿದರು. ಅವರ ಪ್ರಕಾರ ಬಲಶಾಲಿ ಎಂದರೆ ಕುಸ್ತಿಯಲ್ಲಿ ಕೆಡಹುವವನಲ್ಲ, ಸಿಟ್ಟು ಬಂದಾಗ ತನ್ನನ್ನು ಹಿಡಿದುಕೊಳ್ಳುವವನು. ಜುಮಾ ಖುತ್ಬಾದಲ್ಲಿ ಹುಡುಗರು ಇದನ್ನು ಎಷ್ಟು ಸಲ ಕೇಳಿದರೂ ಹೆಚ್ಚಾಗದು.

ಕಾನೂನನ್ನೂ ಅವರಿಗೆ ತಿಳಿಸಿ. ಹದಿನೆಂಟು ತುಂಬದವರಿಗೆ ಏನೂ ಆಗುವುದಿಲ್ಲ ಎಂಬುದು ತಪ್ಪು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಕೊಲೆಯಂಥ ಘೋರ ಅಪರಾಧದಲ್ಲಿ 16ರಿಂದ 18ರೊಳಗಿನವರನ್ನು, ಬಾಲನ್ಯಾಯ ಮಂಡಳಿಯ ಪ್ರಾಥಮಿಕ ಪರಿಶೀಲನೆಯ ನಂತರ, ವಯಸ್ಕರಂತೆ ವಿಚಾರಣೆಗೆ ಒಳಪಡಿಸಬಹುದು.

ಮನೆಯಲ್ಲಿ ಏನು ಮಾಡಬಹುದು?

• ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಮೊಬೈಲುಗಳೂ ಹಾಲ್‌ನಲ್ಲಿ ಚಾರ್ಜಿಗೆ. ಹೆತ್ತವರ ಮೊಬೈಲೂ ಅಲ್ಲೇ. ಮಗನದ್ದು ಮಾತ್ರ ಕಸಿದುಕೊಂಡರೆ ಅದು ನಿಯಮವಲ್ಲ, ಶಿಕ್ಷೆ.

• ಬೆಳಿಗ್ಗೆ ಏನಾದರೂ ತಿನ್ನದೆ ಶಾಲೆಗೆ ಕಳಿಸಬೇಡಿ. ಎರಡು ಖರ್ಜೂರ, ಒಂದು ಮೊಟ್ಟೆ, ಒಂದು ಲೋಟ ಹಾಲು ಆದರೂ ಸಾಕು.

• ದಿನಕ್ಕೊಂದು ಗಂಟೆ ಆಟ. ಪರೀಕ್ಷೆಯ ತಿಂಗಳಲ್ಲೂ.

• ಸಿಟ್ಟು ಏರಿದಾಗ ಉಪದೇಶ ಬೇಡ. ಆ ಹೊತ್ತಿನಲ್ಲಿ ರಕ್ತದಲ್ಲಿ ಅಡ್ರಿನಲಿನ್ ಏರಿರುತ್ತದೆ, ಕಿವಿ ಇದ್ದರೂ ಕೇಳಿಸುವುದಿಲ್ಲ. ನಿಂತಿದ್ದರೆ ಕುಳಿತುಕೊಳ್ಳುವುದು, ಆಗಲೂ ಇಳಿಯದಿದ್ದರೆ ಮಲಗುವುದು, ಮೌನವಾಗಿರುವುದು, ವುಝೂ ಮಾಡುವುದು ಹದೀಸುಗಳಲ್ಲಿ ಬಂದಿರುವ ಕ್ರಮಗಳು. ವೈದ್ಯನ ಕಣ್ಣಿನಲ್ಲೂ ಇವು ಸರಿಯೇ: ಕುಳಿತವನು ಹೊಡೆಯಲು ಮೊದಲು ಏಳಬೇಕು. ತಣ್ಣೀರು ಮುಖಕ್ಕೆ ತಾಗಿದಾಗ ಎದೆಬಡಿತ ನಿಧಾನವಾಗುತ್ತದೆ. ಆ ಕೆಲವು ನಿಮಿಷಗಳೇ ಬೇಕಾದದ್ದು. ಇದನ್ನು ಮಗನಿಗೆ ಹೇಳುವ ಮೊದಲು ನಾವು ಮಾಡಿ ತೋರಿಸಬೇಕು.

• ತಣ್ಣಗಾದ ಮೇಲೆ ಮಾತಾಡಿ. "ಯಾಕೆ ಹೊಡೆದೆ?" ಎನ್ನುವುದಕ್ಕಿಂತ "ಹೊಡೆಯುವ ಮೊದಲು ಏನಾಯಿತು?" ಎಂದು ಕೇಳಿದರೆ ಉತ್ತರ ಸಿಗುತ್ತದೆ. ತಪ್ಪಿಗೆ ಪರಿಹಾರವನ್ನೂ ಅವನಿಂದಲೇ ಮಾಡಿಸಿ. ಮುರಿದ ಚಿಲಕವನ್ನು ಅವನೇ ಹಾಕಿಸಲಿ, ತಂಗಿಯಲ್ಲಿ ಕ್ಷಮೆ ಕೇಳಲಿ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಪ್ರಾಣಿಗಳನ್ನು ಹಿಂಸಿಸುವುದು, ಬೆಂಕಿ ಹಚ್ಚುವುದು, ಆಯುಧ ಇಟ್ಟುಕೊಳ್ಳುವುದು, "ಅವನನ್ನು ಮುಗಿಸ್ತೇನೆ" ಎಂದು ಯೋಜನೆ ಸಮೇತ ಮಾತಾಡುವುದು, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಶಾಂತನಾಗಿದ್ದವನು ವಾರಗಳಲ್ಲೇ ಪೂರ್ತಿ ಬದಲಾಗುವುದು ಇವು ಕಾಯುವ ಲಕ್ಷಣಗಳಲ್ಲ. ಗಂಡು ಮಕ್ಕಳಲ್ಲಿ ಖಿನ್ನತೆ ಅನೇಕ ಸಲ ಅಳುವಾಗಿ ಅಲ್ಲ, ಸಿಡುಕಾಗಿ ಕಾಣುತ್ತದೆ. ತಲೆಗೆ ಬಿದ್ದ ಪೆಟ್ಟು, ಫಿಟ್ಸ್, ಥೈರಾಯ್ಡ್ ದೋಷ, ಎಳವೆಯಿಂದಲೇ ಇರುವ ಏಕಾಗ್ರತೆಯ ಕೊರತೆ ಕೂಡ ಕಾರಣವಿರಬಹುದು. ಇವನ್ನು ಮನೋವೈದ್ಯರು ಪರೀಕ್ಷಿಸಬೇಕು, ನನ್ನ ಬಳಿ ಬಂದರೂ ನಾನು ಅಲ್ಲಿಗೇ ಕಳಿಸುತ್ತೇನೆ.

ದೃಷ್ಟಿ ತಾಗಿದೆ, ಜಿನ್ ಹಿಡಿದಿದೆ ಎಂದು ತಿಂಗಳುಗಟ್ಟಲೆ ಅಲೆಯುವವರಲ್ಲಿ ಒಂದು ವಿನಂತಿ: ದುಆ ಮಾಡಿ, ಕುರ್‌ಆನ್ ಓದಿ, ಅದರ ಜೊತೆಗೆ ವೈದ್ಯರಿಗೂ ತೋರಿಸಿ. ಚಿಕಿತ್ಸೆ ಪಡೆಯಲು ಹೇಳಿದವರು ಪ್ರವಾದಿ(ಸ)ರೇ ಅಲ್ಲವೇ? ಮನಸ್ಸಿನ ತೊಂದರೆಗೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಆ ಹುಡುಗ ಹೇಳಿದ್ದು

ಮೊದಲು ಹೇಳಿದ ಹುಡುಗನ ವಿಷಯಕ್ಕೆ ಬರುತ್ತೇನೆ. ತಾಯಿಯನ್ನು ಸ್ವಲ್ಪ ಹೊರಗೆ ಕೂರಲು ಹೇಳಿ ನಿದ್ದೆಯಿಂದ ಶುರುಮಾಡಿದೆ. ರಾತ್ರಿ ಎರಡಕ್ಕೆ ಮಲಗುತ್ತಾನೆ. ಯಾಕೆ? ಶಾಲೆಯ ಗ್ರೂಪಿನಲ್ಲಿ ಅವನ ಒಂದು ಫೋಟೋವನ್ನು ತಿದ್ದಿ ಹಾಕಿ ವಾರಗಳಿಂದ ನಗುತ್ತಿದ್ದರು. ಯಾರು ಏನು ಬರೆದರು ಎಂದು ನೋಡುತ್ತಾ ಅವನು ಎಚ್ಚರ ಇರುತ್ತಿದ್ದ. ತಂಗಿ ಆ ಫೋಟೋ ನೋಡಿ ನಕ್ಕಳು, ಅಂದು ಅವಳಿಗೆ ಪೆಟ್ಟು ಬಿತ್ತು. "ಮನೆಯಲ್ಲಿ ಹೇಳಲಿಲ್ಲವೇ?" ಎಂದೆ. "ಅಬ್ಬನಿಗೆ ಹೇಳಿದ್ರೆ ಮೊಬೈಲ್ ಕಿತ್ಕೋತಾರೆ, ಇಲ್ಲಾ ಅವರನ್ನ ಹೊಡಿ ಅಂತಾರೆ" ಎಂದ.

ಅವನಿಗೆ ಪಿತ್ತದ ತೊಂದರೆ ಇರಲಿಲ್ಲ. ತಾಯಿಗೆ ವಿಷಯ ತಿಳಿಸಿ, ಶಾಲೆಯವರನ್ನು ಕಾಣಲು ಹೇಳಿದೆ. ತಂದೆಯೊಡನೆ ಫೋನಿನಲ್ಲಿ ಮಾತಾಡಿದೆ. ನಿದ್ದೆಯ ಕ್ರಮ ಬರೆದುಕೊಟ್ಟೆ. ಎರಡು ತಿಂಗಳ ನಂತರ ತಾಯಿ ಬಂದಾಗ ಹೇಳಿದರು, ಅವನು ಇನ್ನೂ ರೇಗುತ್ತಾನೆ, ಆದರೆ ಕೈ ಎತ್ತುವುದಿಲ್ಲ. ಸಿಟ್ಟು ಬಂದಾಗ ಹೋಗಿ ನಳ್ಳಿಯ ಕೆಳಗೆ ತಲೆಯಿಡುತ್ತಾನೆ.

ಸಿಟ್ಟನ್ನು ನುಂಗಿಕೊಳ್ಳುವವರನ್ನೂ ಜನರನ್ನು ಕ್ಷಮಿಸುವವರನ್ನೂ ಆಲು ಇಮ್ರಾನ್ ಅಧ್ಯಾಯವು ಪ್ರಶಂಸಿಸುತ್ತದೆ. ನುಂಗಿಕೊಳ್ಳುವುದನ್ನು ಯಾರೂ ಹುಟ್ಟುವಾಗ ಕಲಿತು ಬರುವುದಿಲ್ಲ, ಮನೆಯಲ್ಲಿ ನೋಡಿ ಕಲಿಯುತ್ತಾರೆ. ಇವತ್ತು ರಾತ್ರಿ ಊಟದ ಹೊತ್ತಿಗೆ ನಿಮ್ಮ ಮಗನ ಪಕ್ಕ ಕುಳಿತು, ಬುದ್ಧಿ ಹೇಳದೆ, ಅವನ ಮಾತನ್ನು ಹತ್ತು ನಿಮಿಷ ಕೇಳಿ. ಅಲ್ಲಾಹನು ನಮ್ಮ ಮಕ್ಕಳ ಕೈಗಳನ್ನು ಅಕ್ರಮದಿಂದ ಕಾಪಾಡಲಿ, ನಮ್ಮ ಕೈಗಳನ್ನೂ.